ಬಗ್ಗಿದ ಗೇಜ್ ಪ್ಲೇಟು, ನೀರಿನ ಲೆಕ್ಕ

ಮೂರನೇ ಸಲವೂ ಪ್ಲೇಟು ಬಗ್ಗಿಯೇ ಬಂತು. ಪೈಪಿನೊಳಗೆ ಗಾಳಿ ಇಲ್ಲವೇ ನೀರಿನ ಒತ್ತಡದಿಂದ ತಳ್ಳುವ ಸಾಧನಕ್ಕೆ ಪಿಗ್ ಅಂತಾರೆ; ಅದಕ್ಕೆ ಕಟ್ಟುವ ದುಂಡನೆ ತಗಡೇ ಗೇಜ್ ಪ್ಲೇಟು. ಅದು ಬಗ್ಗಿ ಬಂದರೆ ಸಾಮಾನ್ಯವಾಗಿ ಪೈಪು ಒಳಗೆಲ್ಲೋ ಕಿರಿದಾಗಿದೆ ಅಂತ. ತಿಪಟೂರು ಕಡೆ 12 ಇಂಚಿನ ಪೈಪ್‌ಲೈನು, ಸುಮಾರು 11 ಕಿಲೋಮೀಟರ್ ಸೆಕ್ಷನ್. ಪ್ಲೇಟು ಮಾಮೂಲಿ ಅಲ್ಯೂಮಿನಿಯಂ, ಒಳವ್ಯಾಸದ 95%. ಅಂಚನ್ನು ಸೀಳಿ ಮಾಡಿದ ಎಸಳುಗಳಲ್ಲಿ ಅಕ್ಕಪಕ್ಕದ ಎರಡು ಹಿಂದಕ್ಕೆ ಮಡಚಿಕೊಂಡಿದ್ದವು. ಉಳಿದವು ಲೇತ್‌ನಿಂದ ಈಗಷ್ಟೇ ಇಳಿಸಿದ ಹಾಗೆ ಹೊಳೆಯುತ್ತಿದ್ದವು.

ಸುತ್ತಲೂ ಸಮನಾಗಿ ಉಜ್ಜಿದ್ದರೆ ದಪ್ಪ ಗೋಡೆಯ ಪೈಪು ಅಥವಾ ರೆಡ್ಯೂಸರ್ (ವ್ಯಾಸ ಕಿರಿದು ಮಾಡುವ ತುಂಡು) ಅನ್ನಬಹುದಿತ್ತು. ಬರೀ ಗೀರಾಗಿದ್ದರೆ ವೆಲ್ಡ್ ಒಳಗೆ ಇಳಿದಿದೆ ಅಂತ. ಎಸಳು ಪಿಗ್ಗಿನ ಮೂತಿ ಕಡೆಗೆ ಬಗ್ಗಿದ್ದರೆ ಲೈನನ್ನು ಬೈಯಬೇಡಿ, ಪಿಗ್ಗನ್ನು ಒಳಗೆ ಹಾಕುವ ಲಾಂಚರ್‌ನಲ್ಲಿ ಹುಡುಗರು ಪಿಗ್ಗನ್ನು ಹಿಂದಕ್ಕೆ ಎಳೆದಿರುತ್ತಾರೆ. ಇನ್ನೊಂದು ಸೈಟ್‌ನಲ್ಲಿ ಹೀಗೇ ನಾನು ಎರಡು ದಿನ ಹಾಳು ಮಾಡಿಕೊಂಡಿದ್ದೆ. ಇಲ್ಲಿ ಮಾತ್ರ ಅನುಮಾನವೇ ಇರಲಿಲ್ಲ, ಪೈಪು ಒಳಕ್ಕೆ ತಗ್ಗಾಗಿದೆ, ಡೆಂಟೇ. ಎಲ್ಲಿ ಅನ್ನೋದೇ ಗೊತ್ತಿಲ್ಲ.

ಕನ್ಸಲ್ಟೆಂಟ್, ಪೈಪಿನ ಹೊರಲೇಪ ಎಲ್ಲಿ ಹರಿದಿದೆ ಅಂತ ನೆಲದ ಮೇಲಿಂದಲೇ ಹುಡುಕುವ ಕೋಟಿಂಗ್ ಸರ್ವೆ ಮಾಡಿಸಿ ಒಂದು ಜಾಗ ತೋರಿಸಿದರು. ಅಗೆದೆವು. ಕೋಟಿಂಗ್‌ನಲ್ಲಿ ಬೆರಳಗಲ ಗೀರು, ಪೈಪು ಗುಂಡುಗುಂಡಾಗಿದೆ. ಜೆಸಿಬಿ, ಕೂಲಿ, ಮೂರು ತೆಂಗಿನ ಸಸಿಗೆ ಪರಿಹಾರ, ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ. ಒಳವ್ಯಾಸವನ್ನು ಉದ್ದಕ್ಕೂ ಅಳೆಯುವ ಕ್ಯಾಲಿಪರ್ ಪಿಗ್ ತರಿಸೋಣ ಅಂದರೆ ಬಂದ ಕೊಟೇಶನ್ ನೋಡಿ ನಮ್ಮ ಮಾಲೀಕರು ಫೋನೇ ಇಟ್ಟುಬಿಟ್ಟರು.

ಆಗ ನಾನು ಅಂದೆ: ಗಾಳಿಯಿಂದ ತಳ್ಳೋದು ಬಿಡಿ, ನೀರಿನಲ್ಲಿ ತಳ್ಳೋಣ. ಗಾಳಿಯಲ್ಲಿ ಪಿಗ್ಗು ನಿಲ್ಲುತ್ತೆ, ನೆಗೆಯುತ್ತೆ, ಎಲ್ಲಿದೆ ಅಂತ ಲೆಕ್ಕ ಸಿಗಲ್ಲ. ನೀರಾದರೆ ಈ ಪೈಪಿಗೆ ಮೀಟರಿಗೆ 75 ಲೀಟರ್, ಅಷ್ಟೇ; ಎಷ್ಟು ನೀರು ಹೋಯಿತು ಅಂತ ನೋಡಿದರೆ ಪಿಗ್ಗು ಎಲ್ಲಿದೆ ಅಂತ ಗೊತ್ತಾಗುತ್ತೆ. ನೀರು ತುಂಬಿ ಒತ್ತಡ ಕೊಟ್ಟು ಪೈಪು ಪರೀಕ್ಷಿಸುವ ಹೈಡ್ರೋಟೆಸ್ಟ್‌ಗೆ ಆ ನೀರು ಹೇಗೂ ಬೇಕಲ್ವಾ?

"ನೀರು ಅಳೆದು ಡೆಂಟ್ ಹುಡುಕ್ತೀರಾ ಅಣ್ಣ?" ಅಂತ ಸೈಟ್ ಎಂಜಿನಿಯರ್ ನಕ್ಕ. ನಗಲಿ.

ಮೊದಲ ಸಲ ಕೆಟ್ಟಿತು. ಪ್ರೆಷರ್ ಬರೆಯುವ ದುಂಡನೆ ಚಾರ್ಟ್ ರೆಕಾರ್ಡರ್‌ನಲ್ಲಿ ಇಡೀ ರಾತ್ರಿಯ ಓಟ ಅಂಗೈ ಅಗಲಕ್ಕೆ ಬರುತ್ತೆ. ಪಿಗ್ಗು ಡೆಂಟಿಗೆ ತಗುಲಿದಾಗ ಪ್ರೆಷರ್‌ನಲ್ಲಿ ಬರುವ ಎರಡು ಸೆಕೆಂಡಿನ ಬಡಿತ ಅದರಲ್ಲಿ ಶಾಯಿಯ ದಪ್ಪಕ್ಕೆ ಮುಚ್ಚಿಹೋಗುತ್ತೆ. ಸೆಕೆಂಡಿಗೊಮ್ಮೆ ಬರೆಯುವ ಲಾಗರ್ ಬಾಡಿಗೆಗೆ ತಂದೆ, ದಿನಕ್ಕೆ ಎರಡು ಸಾವಿರವೋ ಏನೋ. ಸುಮ್ನೆ ಇರಲಿ ಅಂತ ಪಿಗ್ಗಿನ ಹಿಂದುಗಡೆಗೂ ಒಂದು ಪ್ಲೇಟು ಕಟ್ಟಿದ್ದೆ. ಅದರಿಂದ ತಿಳಿದದ್ದು ಇಷ್ಟೇ: ಬೋಲ್ಟು ಸಡಿಲಾದರೆ ಪ್ಲೇಟು ಕಳೆದೂ ಹೋಗುತ್ತೆ. ಪಿಗ್ಗು ಹೊರಬರುವ ರಿಸೀವರ್‌ನಲ್ಲಿ ಅದನ್ನು ಹುಡುಕೋಕೆ ಅರ್ಧ ದಿನ.

ಎರಡನೇ ಸಲ ಗಂಟೆಗೆ 70 ಕ್ಯೂಬಿಕ್ ಮೀಟರ್ ಆಸುಪಾಸು ಪಂಪ್ ಮಾಡಿದೆವು. ಪೈಪಿನ ಗೋಡೆಗೆ ಒತ್ತಿಕೊಂಡಿರುವ ಪಿಗ್ಗಿನ ಕಪ್‌ಗಳ ಪಕ್ಕದಿಂದ ನೀರು ಸೋರಿ ಲೆಕ್ಕ ಮುಂದೆ ಓಡುತ್ತೆ ಅಂತ ಗೊತ್ತಿತ್ತು. ಅದಕ್ಕೆ ರೈಲು ಹಳಿ ಕೆಳಗಿನ ದಪ್ಪ ಪೈಪನ್ನೇ ಮೈಲಿಗಲ್ಲು ಮಾಡಿಕೊಂಡೆ. ಅಲ್ಲಿ ಕಪ್‌ ಬಿಗಿಯಾಗಿ ಪ್ರೆಷರ್ ಏರಿ, ದಾಟಿದ ಮೇಲೆ ಇಳಿಯುತ್ತೆ. ಡ್ರಾಯಿಂಗ್‌ನಲ್ಲಿ ಅದರ ಚೈನೇಜ್, ಅಂದರೆ ಶುರುವಿನಿಂದ ಇರುವ ದೂರ, ಇದೆ. ವ್ಯತ್ಯಾಸ ನೋಡಿ ಮುಂದಿನ ಲೆಕ್ಕ ತಿದ್ದಿಕೊಂಡೆ. ಇಳಿಜಾರಿನಲ್ಲಿ ಪಿಗ್ಗು ತಾನೇ ಓಡದ ಹಾಗೆ ರಿಸೀವರ್ ಕಡೆ ಗಾಳಿಯನ್ನು ಎಷ್ಟು ಬಿಗಿಹಿಡಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಬೆಳಗಿನ ಜಾವ ನೀರಿನ ಮೀಟರು 500 ಕ್ಯೂಬಿಕ್ ಮೀಟರ್ ದಾಟುವ ಮೊದಲು ಲಾಗರ್ ಪರದೆ ಮೇಲೆ ಪ್ರೆಷರ್‌ನ ಒಂದು ಚೂಪು ಮುಳ್ಳು. ಮುಕ್ಕಾಲು ಬಾರ್ ಇರಬಹುದು. ಬಂತು, ಹೋಯ್ತು. 6.6 ಕಿಲೋಮೀಟರ್ ಅಂತ ಬರೆದುಕೊಟ್ಟೆ.

ಅಗೆದಾಗ ಒಂಬತ್ತೋ ಹತ್ತೋ ಮೀಟರ್ ಆಚೆ ಸಿಕ್ಕಿತು. ಗುಂಡಿಯ ತಳದಲ್ಲಿ ಒರಳಿನಷ್ಟು ಕಲ್ಲು, ಅದರ ಮೇಲೇ ಪೈಪು ಕೂತಿದೆ. ಅಲ್ಲಿ ಮೆತ್ತನೆ ಮಣ್ಣು ಹಾಕಿರಲೇ ಇಲ್ಲ. ಡೆಂಟು ಹತ್ತಿರ ಹತ್ತಿರ 20 ಮಿಲಿಮೀಟರ್, ಕೋಟಿಂಗ್ ಮಾತ್ರ ಹರಿದಿಲ್ಲ. ಸರ್ವೆಗೆ ಹೇಗೆ ಸಿಗಬೇಕು?

ನೀರನ್ನು ಟಾರ್ಪಲ್ ಹಾಸಿದ ಹೊಂಡಕ್ಕೆ ತೆಗೆದು, ತುಂಡು ಕತ್ತರಿಸಿ ಹೊಸದು ಕೂರಿಸಿದೆವು. ಅದೇ ನೀರು ಮತ್ತೆ ಟೆಸ್ಟ್‌ಗೂ ಆಯಿತು. ಲಾಗರ್, ಡೀಸೆಲ್, ಪಂಪು, ಅಗೆತ ಎಲ್ಲ ಸೇರಿ ಎರಡೂಕಾಲು ಲಕ್ಷದ ಒಳಗೆ. ಕ್ಯಾಲಿಪರ್ ಕೊಟೇಶನ್‌ನ ಕಾಲು ಭಾಗವೂ ಅಲ್ಲ. ಕೊನೆಯ ಪ್ಲೇಟು ನೆಟ್ಟಗೆ ಬಂತು. ನಕ್ಕಿದ್ದ ಎಂಜಿನಿಯರ್ ಅದರ ಜೊತೆ ಫೋಟೋ ತೆಗೆಸಿಕೊಂಡ. ಲಾಗರ್ ಬಾಡಿಗೆ ಬಿಲ್ಲು ಇನ್ನೂ ಪಾಸಾಗಿಲ್ಲ.