ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಕಲಿಕೆಯ ಬಳಗ: ಕಟ್ಟುವುದು ಹೇಗೆ, ಉಳಿಸುವುದು ಹೇಗೆ?

ಕಟ್ಟಡದ ಚಾವಣಿಯಲ್ಲಿ ತಪ್ಪಾದರೆ ಮೊದಲ ಮಳೆಗೇ ಸೋರುತ್ತದೆ. ಲ್ಯಾಂಡ್‌ಸ್ಕೇಪ್‌ನಲ್ಲಿ, ಅಂದರೆ ಉದ್ಯಾನ, ಕಾಲುದಾರಿಯಂಥ ಹೊರಾಂಗಣದ ವಿನ್ಯಾಸದಲ್ಲಿ, ಆದ ತಪ್ಪು ಮೂರು ನಾಲ್ಕು ವರ್ಷ ಅಡಗಿ ಕೂತಿರುತ್ತದೆ. ಅಷ್ಟರಲ್ಲಿ ಬಿಲ್ ಚುಕ್ತಾ ಆಗಿ, ನಿರ್ವಹಣೆ ಬೇರೆಯವರ ಕೈಗೆ ಹೋಗಿರುತ್ತದೆ. ನಕ್ಷೆ ಬರೆದವರು ಮತ್ತೊಂದು ಜಾಗಕ್ಕೆ ಅದೇ ವಿವರವನ್ನು ನಕಲು ಮಾಡುತ್ತಿರುತ್ತಾರೆ. ಈ ತಪ್ಪನ್ನು ಬರೆದವರ ಮೇಜಿಗೆ ವಾಪಸು ತರುವುದೇ ಕಲಿಕೆಯ ಬಳಗದ, ಅಂದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಕಲಿಯುವ ಸಹೋದ್ಯೋಗಿಗಳ ಗುಂಪಿನ, ಕೆಲಸ. ಹಾಗಾಗಿ ಗೆದ್ದ ಪ್ರಾಜೆಕ್ಟುಗಳ ಸ್ಲೈಡ್ ಶೋಗೆ ಬಳಗ ಕಟ್ಟುವ ಅಗತ್ಯವಿಲ್ಲ.

ವಿಷಯ ಕಿರಿದಾಗಿರಲಿ

‘ಲ್ಯಾಂಡ್‌ಸ್ಕೇಪ್ ವಿನ್ಯಾಸ’ ಎಂದು ಹೆಸರಿಟ್ಟರೆ ಎಲ್ಲರೂ ಬರುತ್ತಾರೆ, ಎರಡನೇ ಸಭೆಗೆ ಯಾರೂ ಇರುವುದಿಲ್ಲ. ಮಳೆನೀರು ನಿರ್ವಹಣೆ, ಮಕ್ಕಳ ಆಟದ ಜಾಗ, ಚಾವಣಿ ತೋಟ, ಪಾರಂಪರಿಕ ಉದ್ಯಾನ, ಇವುಗಳಲ್ಲಿ ಒಂದನ್ನು ಹಿಡಿಯಿರಿ. 10–15 ಜನ ಸಾಕು. ಅಮೆರಿಕದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಸಂಘ 1899ರಲ್ಲಿ ಹುಟ್ಟಿದಾಗ ಇದ್ದವರೇ 11 ಮಂದಿ. ಈಗ ಅದರೊಳಗೂ ವಿಷಯವಾರು ಬಳಗಗಳಿದ್ದು, ಸದಸ್ಯರೇ ಸ್ವಯಂಸೇವಕರಾಗಿ ಅವನ್ನು ಮುನ್ನಡೆಸುತ್ತಾರೆ.

ಮೂವರು ಹೊಣೆಗಾರರು

ಸಂಚಾಲಕ, ಮುಂದಿನ ಸಂಚಾಲಕ, ದಾಖಲೆ ಬರೆಯುವವರು. ಸಂಚಾಲಕತ್ವ ಒಂದೇ ವರ್ಷ. ಅದಕ್ಕೂ ಮೊದಲು ಒಂದು ವರ್ಷ ಪಕ್ಕದಲ್ಲಿ ನಿಂತು ಕಲಿತಿರಬೇಕು. ತಿಂಗಳಿಗೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ ಎಂದು ಮೊದಲೇ ಹೇಳಿಬಿಡಿ. ‘ಹೆಚ್ಚೇನೂ ಕೆಲಸವಿಲ್ಲ’ ಎಂದು ಒಪ್ಪಿಸಿದವರು ಮೂರನೇ ತಿಂಗಳಿಗೆ ಫೋನ್ ಎತ್ತುವುದಿಲ್ಲ. ಬಳಗಗಳು ಮುಚ್ಚುವುದು ಬಹುತೇಕ ಜಗಳದಿಂದಲ್ಲ, ಒಬ್ಬರೇ ಐದು ವರ್ಷ ಹೊತ್ತು ಸುಸ್ತಾಗುವುದರಿಂದ. ಉತ್ಸಾಹ ಇನ್ನೂ ಇರುವಾಗಲೇ ಬಿಟ್ಟುಕೊಡುವ ನಿಯಮವಿದ್ದರೆ ಈ ಗತಿ ಬರದು.

ತೊಂಬತ್ತು ನಿಮಿಷದ ಸಭೆ

ಪ್ರಾಜೆಕ್ಟ್ ತರುವವರು ಐದೇ ಹಾಳೆ ತರಲಿ: ಒಂದು ಪ್ಲಾನ್ (ಮೇಲಿನಿಂದ ಕಂಡಂತೆ ಬರೆದ ನಕ್ಷೆ), ಒಂದು ಸೆಕ್ಷನ್ (ನೆಲವನ್ನು ಸೀಳಿ ತೋರಿಸುವ ನಕ್ಷೆ), ನೆಟ್ಟ ದಿನದ ಫೋಟೊ, ಈಗಿನ ಫೋಟೊ, ಕೊನೆಯದರಲ್ಲಿ ಒಂದೇ ಒಂದು ಪ್ರಶ್ನೆ. ‘ಹೇಗಿದೆ ಹೇಳಿ’ ಎಂಬುದು ಪ್ರಶ್ನೆಯಲ್ಲ. ‘ಈ ಇಳಿಜಾರಿನಲ್ಲಿ ಹುಲ್ಲು ಯಾಕೆ ನಿಲ್ಲುತ್ತಿಲ್ಲ’ ಎಂಬುದು ಪ್ರಶ್ನೆ.

ವಿವರಣೆಗೆ 15 ನಿಮಿಷ, ಸ್ಪಷ್ಟನೆ ಕೇಳಲು 15. ಮುಂದಿನ 35 ನಿಮಿಷ ಉಳಿದವರು ಚರ್ಚಿಸುತ್ತಾರೆ. ಪ್ರಾಜೆಕ್ಟ್ ತಂದವರು ಬಾಯಿ ಬಿಡುವಂತಿಲ್ಲ. ಇದು ಕಷ್ಟ, ಆದರೆ ಇಲ್ಲಿ ಸಡಿಲ ಬಿಟ್ಟರೆ ಇಡೀ ಚರ್ಚೆ ಸಮರ್ಥನೆಗೆ ತಿರುಗುತ್ತದೆ. ಉಳಿದ 25 ನಿಮಿಷದಲ್ಲಿ ಅವರ ಉತ್ತರ, ದಾಖಲೆ. ಮಾತು ಕಿರಿಯರಿಂದ ಶುರುವಾಗಲಿ. ಹಿರಿಯರು ಮೊದಲು ತೀರ್ಪು ಕೊಟ್ಟರೆ ಉಳಿದವರು ತಲೆಯಾಡಿಸುತ್ತಾರೆ ಅಷ್ಟೇ.

ಸ್ಥಳಕ್ಕೆ ಹೋಗಲೇಬೇಕು

ವರ್ಷಕ್ಕೆ ನಾಲ್ಕು ಸಲವಾದರೂ ಕನಿಷ್ಠ ಮೂರು ವರ್ಷ ಹಳೆಯ ಜಾಗವೊಂದನ್ನು ನಡೆದು ನೋಡಿ. ಜೊತೆಗೆ ಕೈಗುದ್ದಲಿ, ಅಳತೆ ಟೇಪು, ಇಳಿಜಾರು ಅಳೆಯುವ ಡಿಜಿಟಲ್ ಲೆವೆಲ್ ಮತ್ತು ಮೂಲ ನಕ್ಷೆ ಇರಲಿ. ಕಾಲುದಾರಿಯ ಅಡ್ಡ ಇಳಿಜಾರು ನಕ್ಷೆಯಲ್ಲಿ ಶೇ 2, ಅಂದರೆ ಮೀಟರಿಗೆ 2 ಸೆಂ.ಮೀ. ಇದ್ದರೆ, ನೆಲದ ಮೇಲೆ ಎಷ್ಟಿದೆ ಎಂದು ಅಳೆಯಿರಿ. ಅದು ಶೇ 4 ಆಗಿದ್ದರೆ ಗಾಲಿಕುರ್ಚಿ ಪಕ್ಕಕ್ಕೆ ಎಳೆಯುತ್ತದೆ.

ಸೊರಗಿದ ಮರದ ಬುಡದಲ್ಲಿ ಕೂತು ನೋಡಿ. ಕಾಂಡ ನೆಲ ಸೇರುವಲ್ಲಿ ಅಗಲವಾಗಬೇಕು. ವಿದ್ಯುತ್ ಕಂಬದಂತೆ ನೇರವಾಗಿ ಮಣ್ಣಿಗಿಳಿದಿದ್ದರೆ ಮೆಲ್ಲಗೆ ಕೆರೆಯಿರಿ. ಬೇರುಬುಡ, ಅಂದರೆ ಕಾಂಡ ಅಗಲವಾಗಿ ಬೇರಾಗುವ ಜಾಗ, ಹತ್ತು ಸೆಂ.ಮೀ. ಕೆಳಗೆ ಸಿಗಬಹುದು. ಆಳವಾಗಿ ಹೂತ ಬೇರಿಗೆ ಗಾಳಿ ಸಾಲದು, ತೊಗಟೆ ಸದಾ ತೇವವಾಗಿದ್ದು ಕೊಳೆಯುತ್ತದೆ. ಬೈಗುಳ ತಿನ್ನುವವರು ಸಾಮಾನ್ಯವಾಗಿ ಗುತ್ತಿಗೆದಾರರು. ಆದರೆ ‘ಮಣ್ಣುಗಡ್ಡೆಯ (ಸಸಿಯ ಬೇರಿಗೆ ಅಂಟಿದ ಮಣ್ಣಿನ) ಮೇಲ್ಮೈ ನೆಲಕ್ಕೆ ಸಮ’ ಎಂದು ನಕ್ಷೆಯಲ್ಲೇ ಬರೆದಿದ್ದರೆ ಅವರು ಹಾಗೆಯೇ ನೆಟ್ಟಿರುತ್ತಾರೆ. ನರ್ಸರಿಯ ಕುಂಡದಲ್ಲೇ ಬೇರುಬುಡದ ಮೇಲೆ ಮಣ್ಣು ಏರಿರುವುದುಂಟು. ‘ಮೇಲಿನ ಮಣ್ಣು ಸರಿಸಿ ಬೇರುಬುಡ ಹುಡುಕಿ, ಅದು ಕಾಣುವಂತೆ ನೆಡಬೇಕು’ ಎಂದು ಟಿಪ್ಪಣಿ ತಿದ್ದಿದರೆ ಆಯಿತು, ಬಳಗದ ಸದಸ್ಯರ ಅಷ್ಟೂ ಕಚೇರಿಗಳಲ್ಲಿ ಈ ತಪ್ಪು ಮರುಕಳಿಸುವುದಿಲ್ಲ.

ಮಳೆತೋಟದಲ್ಲಿ, ಅಂದರೆ ಮಳೆನೀರು ಇಂಗಲೆಂದು ತಗ್ಗಾಗಿ ಮಾಡಿದ ತೋಟದಲ್ಲಿ, ನೀರು ಇಂಗದೆ ನಿಲ್ಲುತ್ತಿದ್ದರೆ 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಮೊದಲ ಸಲದ ಅಳತೆ ನಂಬಬೇಡಿ, ಒಣ ಮಣ್ಣು ಬೇಗ ಹೀರುತ್ತದೆ. ಗಂಟೆಗೆ ಅರ್ಧ ಸೆಂ.ಮೀ. ಎಂದರೆ 15 ಸೆಂ.ಮೀ. ನಿಂತ ನೀರು ಇಂಗಲು 30 ಗಂಟೆ ಬೇಕು. ಕಾಮಗಾರಿಯ ವೇಳೆ ಯಂತ್ರ ಓಡಾಡಿ ಮಣ್ಣು ಬಿಗಿದಿತ್ತೇ ಎಂಬುದು ಮುಂದಿನ ಪ್ರಶ್ನೆ.

ಒಂದು ಪುಟದ ದಾಖಲೆ

ಕಂಡದ್ದು, ಅಳತೆ, ಕಾರಣ, ತಿದ್ದಿದ ನಕ್ಷೆ, ಮತ್ತೆ ನೋಡುವ ದಿನಾಂಕ. ಗ್ರಾಹಕರ ಒಪ್ಪಿಗೆಯಿಲ್ಲದೆ ಜಾಗದ ಹೆಸರು ಬೇಡ. ಕಾರಣ ಗೊತ್ತಾಗದಿದ್ದರೆ ‘ಗೊತ್ತಾಗಿಲ್ಲ’ ಎಂದೇ ಬರೆಯಿರಿ, ಊಹೆಯನ್ನು ಕಾರಣದ ಜಾಗದಲ್ಲಿ ಕೂರಿಸಬೇಡಿ.

ಬಾಗಿಲಲ್ಲೇ ತಡೆಯಬೇಕಾದವು

ಪೇವರ್ (ನೆಲಹಾಸಿನ ಬಿಲ್ಲೆ), ನೀರಾವರಿ ಸಾಮಗ್ರಿ ಮಾರುವವರು ಚಹಾದ ಖರ್ಚು ನಾವು ಕೊಡುತ್ತೇವೆ ಎಂದು ಬರುತ್ತಾರೆ. ಎರಡು ಸಭೆಯಲ್ಲಿ ಬಳಗ ಅವರ ಮಳಿಗೆಯಾಗಿರುತ್ತದೆ. ಶುಲ್ಕ ಎಷ್ಟಿಡಬೇಕು ಎಂಬ ಮಾತೂ ಬೇಡ. ಪೈಪೋಟಿಯಲ್ಲಿರುವವರು ಕೂಡಿ ದರ ನಿಗದಿ ಮಾಡುವುದು ಹಲವು ದೇಶಗಳಲ್ಲಿ ಕಾನೂನುಬಾಹಿರ. ಇನ್ನು ವಾಟ್ಸ್‌ಆ್ಯಪ್ ಗುಂಪು: ಸಭೆಯ ದಿನ, ಜಾಗ ತಿಳಿಸಲು ಸಾಕು. ಅಲ್ಲಿ ಶುರುವಾದ ತಾಂತ್ರಿಕ ಚರ್ಚೆ ಶುಭೋದಯದ ಹೂವುಗಳ ನಡುವೆ ಕಳೆದುಹೋಗುತ್ತದೆ, ಆರು ತಿಂಗಳ ಮೇಲೆ ಹುಡುಕಿದರೆ ಸಿಗುವುದಿಲ್ಲ.