ಆಸ್ಟಿನ್‌ನಿಂದ ಸ್ಯಾನ್ ಹೋಸೆಗೆ ರೈಫಲ್ ಒಯ್ದಿದ್ದು

ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ನಾನು ಬಂದೂಕಿನ ಅಂಗಡಿ ಕಡೆ ತಲೆ ಹಾಕಲಿಲ್ಲ. ಎಚ್‌-1ಬಿಯಂಥ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳೋದೇ ಫೆಡರಲ್ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು, ಆದರೆ ಇಡೀ ಗ್ರೀನ್ ಕಾರ್ಡ್ ಅರ್ಜಿಯನ್ನು ಪಣಕ್ಕಿಡುವಷ್ಟು ಹುಚ್ಚು ನನಗಿರಲಿಲ್ಲ. ನಾನು ಕೊಡಗಿನವನು. ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. ಆ ಸಲುಗೆ ಇಲ್ಲಿ ನಡೆಯೋದಿಲ್ಲ.

ಟೆಕ್ಸಾಸ್‌ನಲ್ಲಿ ಕೊಂಡಿದ್ದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ರಾಜ್ಯದ ಪರ್ಮಿಟ್ ಇಲ್ಲ, ಕಾಯುವ ದಿನಗಳಿಲ್ಲ. 4473 ಅನ್ನೋ ಫೆಡರಲ್ ಫಾರಂ ತುಂಬಿದೆ, ಗ್ರೀನ್ ಕಾರ್ಡ್ ನಂಬರ್ ಬರೆದೆ. ಅಂಗಡಿಯವನು ಎಫ್‌ಬಿಐನ ಪಟ್ಟಿಯಲ್ಲಿ ವಿಚಾರಿಸಿದ, ಸರಿ ಅಂತ ಬಂತು, ದುಡ್ಡು ಕೊಟ್ಟೆ. ಹೀಗೆ ಒಂದು ಎಆರ್-15, ಆಮೇಲೆ ಮರದ ಹಿಡಿಯ ಒಂದು ರೂಗರ್ ಮಿನಿ-14 ಮನೆಗೆ ಬಂದವು.

ಕೆಲಸ ಸ್ಯಾನ್ ಹೋಸೆಗೆ ಬದಲಾದಾಗ ನಿಜವಾದ ಓದು ಶುರುವಾಯಿತು. ಎರಡೂ ಸೆಮಿ-ಆಟೋಮ್ಯಾಟಿಕ್, ಅಂದರೆ ಒಂದು ಸಲ ಕುದುರೆ ಎಳೆದರೆ ಒಂದು ಗುಂಡು, ಮುಂದಿನದು ತಾನೇ ತುಂಬಿಕೊಳ್ಳುತ್ತದೆ. ಎರಡಕ್ಕೂ ಹಾಕೋದು ಒಂದೇ ಗುಂಡು. ಆದರೆ ಕ್ಯಾಲಿಫೋರ್ನಿಯಾದ ಕಣ್ಣಿಗೆ ನನ್ನ ಎಆರ್ 'ಅಸಾಲ್ಟ್ ವೆಪನ್', ಮಿನಿ ಬರೀ ರೈಫಲ್. ಅಲ್ಲಿನ ಸ್ಟಾಕ್‌ಟನ್ ಊರಿನ ಶಾಲೆಯ ಗುಂಡಿನ ದಾಳಿಯಾದ ಮೇಲೆ 1989ರಲ್ಲಿ ಬಂದ ಕಾನೂನು ಮಾಡೆಲ್‌ಗಳ ಹೆಸರು ಹಿಡಿದು ನಿಷೇಧಿಸಿತ್ತು. ಕಂಪನಿಗಳು ಹೆಸರು ಬದಲಿಸಿ ಮಾರಿದವು. 1999ರ ತಿದ್ದುಪಡಿ ಭಾಗಗಳನ್ನೇ ಹಿಡಿಯಿತು. ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಬಿಚ್ಚಿ ಹಾಕುವಂಥ ಸೆಂಟರ್‌ಫೈರ್ (ತೋಟೆಯ ಬುಡದ ನಡುವೆ ಹೊಡೆತ ಬೀಳುವ) ರೈಫಲ್‌ಗೆ ಪಿಸ್ತೂಲಿನಂಥ ಹಿಡಿ, ಮಡಚುವ ಅಥವಾ ಉದ್ದ-ಗಿಡ್ಡ ಮಾಡುವ ಹಿಂಬದಿ, ನಳಿಗೆ ತುದಿಯಲ್ಲಿ ಬೆಂಕಿ ಮರೆಸುವ ತುಂಡು, ಇಂಥವುಗಳಲ್ಲಿ ಒಂದಿದ್ದರೂ ಸಾಕು. ನನ್ನ ಎಆರ್‌ಗೆ ಮೂರೂ ಇದ್ದವು. ಮಿನಿಗೆ ಒಂದೂ ಇಲ್ಲ. ಗುಂಡಿನ ಬಲವನ್ನು ಕಾನೂನು ಕೇಳೋದೇ ಇಲ್ಲ. ನನಗಿದು ಈಗಲೂ ವಿಚಿತ್ರ ಅನಿಸುತ್ತದೆ, ಆದರೆ ವಿಚಿತ್ರ ಅಂತ ಜೈಲು ತಪ್ಪೋದಿಲ್ಲ ಅಲ್ವಾ?

ಎಆರ್‌ನ ಭಾಗ ಬದಲಿಸಿ 'ಫೀಚರ್‌ಲೆಸ್' (ಆ ಮೂರೂ ಇಲ್ಲದಂತೆ) ಮಾಡಿ ಒಯ್ಯಬಹುದಿತ್ತು. ಹಿಡಿ ಜಾಗದಲ್ಲಿ ಮೀನಿನ ರೆಕ್ಕೆಯಂಥ ಪಟ್ಟಿ ಬರುತ್ತದೆ. ಕೈಗೆ ಒಂಚೂರೂ ಹಿತವಿಲ್ಲ. ಮಾರಿಬಿಟ್ಟೆ. ಟೆಕ್ಸಾಸ್‌ನಲ್ಲಿ ಖಾಸಗಿಯಾಗಿ ಮಾರಬಹುದು, ವಿಚಾರಣೆ ಕಡ್ಡಾಯವಲ್ಲ. ನಾನು ಅಂಗಡಿಗೇ ಕೊಟ್ಟೆ. ಬೆಲೆ ಕಡಿಮೆ ಸಿಕ್ಕಿತು, ಆದರೆ ನಾಳೆ ಅದು ಯಾರ ಕೈಲಿದೆ ಅನ್ನೋ ಚಿಂತೆ ಇಲ್ಲ. ಮಿನಿಯ 20 ಗುಂಡಿನ ಮ್ಯಾಗಜೀನ್‌ಗಳೂ ಅಲ್ಲೇ ಉಳಿದವು. ಕ್ಯಾಲಿಫೋರ್ನಿಯಾಕ್ಕೆ 10ಕ್ಕಿಂತ ಹೆಚ್ಚಿನದು ತರುವಂತಿಲ್ಲ. ಐದರದ್ದನ್ನು ಇಟ್ಟುಕೊಂಡೆ.

ದಾರಿಯುದ್ದಕ್ಕೂ ರೈಫಲ್ ಖಾಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಕಾರಿನ ಡಿಕ್ಕಿಯಲ್ಲಿ. ಬಂದು ನೆಲೆಸಿದ 60 ದಿನದೊಳಗೆ ರಾಜ್ಯದ ನ್ಯಾಯ ಇಲಾಖೆಗೆ ತಿಳಿಸಬೇಕು. ಆನ್‌ಲೈನ್‌ನಲ್ಲೇ ಆಯಿತು.

ಮುಂದೆ ಮಗನಿಗೆ ಗುರಿ ಕಲಿಸಲು .22ರ ರೂಗರ್ 10/22 ಕೊಂಡೆ. ಅದು ರಿಮ್‌ಫೈರ್ (ತೋಟೆಯ ಬುಡದ ಅಂಚಿಗೆ ಹೊಡೆತ ಬೀಳುವಂಥದ್ದು), ಹಾಗಾಗಿ ಹಿಡಿ-ಹಿಂಬದಿಯ ತಕರಾರಿಲ್ಲ. ಆದರೂ ಮೊದಲು ಸುರಕ್ಷತಾ ಪರೀಕ್ಷೆ: 30 ಪ್ರಶ್ನೆ, 23 ಸರಿಯಿರಬೇಕು. ಆಮೇಲೆ ಅಂಗಡಿಯಲ್ಲಿ ಬಂದೂಕನ್ನು ಸರಿಯಾಗಿ ಹಿಡಿದು ತೋರಿಸಬೇಕು. ದುಡ್ಡು ಕಟ್ಟಿ 10 ದಿನ ಕಾಯಬೇಕು. ವಿಚಾರಣೆ ಮೊದಲೇ ಮುಗಿದರೂ ಕಾಯಲೇಬೇಕು. ಮನೆಯಲ್ಲಾಗಲೇ ಬಂದೂಕಿದೆ ಸ್ವಾಮಿ ಅಂದರೂ ಕೇಳೋದಿಲ್ಲ.

ಸಿಯಾಟಲ್‌ಗೆ ಹೊರಟ ಗೆಳೆಯರು ಈಗ ನನ್ನನ್ನು ಕೇಳುತ್ತಾರೆ. ವಾಷಿಂಗ್ಟನ್ ರಾಜ್ಯ 2023ರ ಏಪ್ರಿಲ್‌ನಲ್ಲಿ ಎಆರ್‌ನಂಥ ರೈಫಲ್‌ಗಳ ಮಾರಾಟ ನಿಲ್ಲಿಸಿತು. ಆಗಲೇ ಅಲ್ಲಿದ್ದವರು ಇಟ್ಟುಕೊಳ್ಳಬಹುದು, ಹೊರಗಿನಿಂದ ತರುವಂತಿಲ್ಲ. ಇಲಿನಾಯ್ ಆದರೆ ಮೊದಲು ಎಫ್‌ಒಐಡಿ (ಬಂದೂಕು ಇಟ್ಟುಕೊಳ್ಳಲು ಆ ರಾಜ್ಯ ಕೊಡುವ) ಕಾರ್ಡ್ ಮಾಡಿಸಿಕೊಳ್ಳಿ. ಸಾಮಾನು ಕಟ್ಟುವ ಮುಂಚೆಯೇ ಆ ರಾಜ್ಯದ ಒಬ್ಬ ಡೀಲರ್‌ಗೆ ಫೋನ್ ಮಾಡಿ, ಮಾಡೆಲ್ ನಂಬರ್ ಸಮೇತ ಕೇಳಿ.