ಕರ್ನಲ್ ಬದಲಾದ ಮೇಲೆ ನಿಂತುಹೋದ ಗ್ರಾಫಿಕ್ಸ್ ಡ್ರೈವರ್: ನನ್ನ ಅನುಭವ

ಎಂಜಿನಿಯರುಗಳು ಕೊಡುವ ನಕ್ಷೆಯನ್ನು ಇಟ್ಟುಕೊಂಡು, ಮನೆ ಕಟ್ಟಿ ಮುಗಿದ ಮೇಲೆ ಹೇಗೆ ಕಾಣುತ್ತದೆ ಎಂಬುದರ ಚಿತ್ರಗಳನ್ನು ಬ್ಲೆಂಡರ್ ತಂತ್ರಾಂಶದಲ್ಲಿ ಮಾಡಿಕೊಡುವುದು ಶಿವಮೊಗ್ಗದಲ್ಲಿ ನನ್ನ ವೃತ್ತಿ. ನನ್ನ ಗಣಕದಲ್ಲಿ ಉಬುಂಟು 22.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇದೆ, ಜೊತೆಗೆ 12 ಜಿಬಿ ಮೆಮೊರಿಯ ಎನ್ವಿಡಿಯಾ ಆರ್‌ಟಿಎಕ್ಸ್ 3060 ಕಾರ್ಡ್ ಇದೆ. ಒಂದು ಹಜಾರದ ಒಳಾಂಗಣ ಚಿತ್ರ ಈ ಕಾರ್ಡಿನಲ್ಲಿ ಆರೇಳು ನಿಮಿಷಗಳಲ್ಲಿ ರೆಂಡರ್ ಆಗುತ್ತದೆ, ಅದೇ ಚಿತ್ರವನ್ನು ಪ್ರೊಸೆಸರ್ ಒಂದರಿಂದಲೇ ಮಾಡಿಸಿದರೆ ಒಂದು ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಕಾರ್ಡ್ ನಿಂತರೆ ನನ್ನ ಕೆಲಸವೂ ನಿಂತಂತೆಯೇ.

2024ರ ಜನವರಿಯ ಒಂದು ಸಂಜೆ ವಿದ್ಯುತ್ ಹೋಯಿತು. ಯುಪಿಎಸ್ ಹತ್ತು ನಿಮಿಷ ತಡೆದುಕೊಂಡಿತು, ಅಷ್ಟರೊಳಗೆ ಕೆಲಸ ಉಳಿಸಿ ಗಣಕವನ್ನು ಆರಿಸಿದೆ. ಒಂದು ಗಂಟೆಯ ನಂತರ ವಿದ್ಯುತ್ ಬಂದು, ಮತ್ತೆ ಹಚ್ಚಿದಾಗ ಪರದೆಯ ಮೇಲಿನ ಅಕ್ಷರಗಳೆಲ್ಲ ಊದಿಕೊಂಡಂತೆ ಕಂಡವು. 1920 ಬೈ 1080 ಇರಬೇಕಾದ ರೆಸಲ್ಯೂಶನ್ 1024 ಬೈ 768ಕ್ಕೆ ಇಳಿದಿತ್ತು, ಬದಲಾಯಿಸಲು ಬೇರೆ ಆಯ್ಕೆಯೇ ಇರಲಿಲ್ಲ. ವಿಂಡೋವನ್ನು ಎಳೆದರೆ ಅದು ತುಂಡುತುಂಡಾಗಿ ಹಿಂದೆ ಬರುತ್ತಿತ್ತು. ಬ್ಲೆಂಡರಿನ ಪ್ರಿಫರೆನ್ಸಸ್‌ನಲ್ಲಿ ಸದಾ ಕಾಣುತ್ತಿದ್ದ ಕಾರ್ಡಿನ ಹೆಸರು ಮಾಯವಾಗಿ, ಹೊಂದುವ ಜಿಪಿಯು ಯಾವುದೂ ಸಿಗಲಿಲ್ಲ ಎಂಬ ಸಾಲು ಬಂದಿತ್ತು. ಮರುದಿನ ಹನ್ನೊಂದು ಗಂಟೆಗೆ ಒಂದು ಮನೆಯ ಐದು ಚಿತ್ರಗಳನ್ನು ಕೊಡಬೇಕಿತ್ತು.

ವಿದ್ಯುತ್ ಹೋಗಿ ಬಂದ ಬೆನ್ನಿಗೇ ಹೀಗಾದ್ದರಿಂದ, ಕಾರ್ಡೇ ಸುಟ್ಟಿರಬೇಕು ಎಂಬ ಭಯ ನನ್ನನ್ನು ಹಿಡಿಯಿತು. ಕ್ಯಾಬಿನೆಟ್ ಬಿಚ್ಚಿ, ಕಾರ್ಡನ್ನು ಸ್ಲಾಟಿನಿಂದ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಬರೆಯುವ ರಬ್ಬರಿನಿಂದ ಮೆಲ್ಲಗೆ ಒರೆಸಿ, ಮತ್ತೆ ಕೂರಿಸಿದೆ. ಏನೂ ಬದಲಾಗಲಿಲ್ಲ. ಅರ್ಧ ಗಂಟೆ ಹೀಗೆ ಕಳೆದ ಮೇಲೆ, ಮೊದಲೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ಮಾಡಿದೆ. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಕೆ’ ಎಂಬ ಆಜ್ಞೆ ಕೊಟ್ಟರೆ, ಮದರ್‌ಬೋರ್ಡಿಗೆ ಸೇರಿರುವ ಸಾಧನಗಳೂ, ಪ್ರತಿಯೊಂದನ್ನೂ ಯಾವ ಡ್ರೈವರ್ ನಡೆಸುತ್ತಿದೆ ಎಂಬುದೂ ಕಾಣುತ್ತದೆ. ಅಲ್ಲಿ 3060 ಕಾರ್ಡಿನ ಹೆಸರು ಸ್ಪಷ್ಟವಾಗಿ ಇತ್ತು. ಇಲ್ಲದೆ ಹೋದದ್ದು ಅದರ ಕೆಳಗೆ ಇರಬೇಕಾಗಿದ್ದ, ಬಳಕೆಯಲ್ಲಿರುವ ಡ್ರೈವರ್ ಯಾವುದು ಎಂದು ಹೇಳುವ ಸಾಲು. ಕಾರ್ಡ್ ಸುಟ್ಟಿದ್ದರೆ ಬಹುಮಟ್ಟಿಗೆ ಹೆಸರೇ ಬರುತ್ತಿರಲಿಲ್ಲ. ಹೆಸರು ಇದ್ದು ಡ್ರೈವರ್ ಸಾಲು ಇಲ್ಲವೆಂದರೆ ತೊಂದರೆ ತಂತ್ರಾಂಶದ್ದು. ಈ ಒಂದು ಸಾಲನ್ನು ನೋಡದೆ ಯಾರೂ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳಬಾರದು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಆದರೆ ನಾನು ಯಾವ ಅಪ್‌ಡೇಟನ್ನೂ ಮಾಡಿರಲಿಲ್ಲವಲ್ಲ! ‘ಯುನೇಮ್ -ಆರ್’ ಎಂದು ಕೇಳಿದಾಗ ಗಣಕ 6.5.0-14 ಎಂದು ಉತ್ತರಿಸಿತು, ಆ ಸಂಜೆ ಗಣಕ ಆರಿಸುವವರೆಗೂ ನನ್ನ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು, 6.2.0-39 ಆಗಿತ್ತು. ಉಬುಂಟುವಿನಲ್ಲಿ ಭದ್ರತೆಗೆ ಸಂಬಂಧಿಸಿದ ಅಪ್‌ಡೇಟುಗಳು ಕೇಳದೆಯೇ ಹಿನ್ನೆಲೆಯಲ್ಲಿ ಇನ್‌ಸ್ಟಾಲ್ ಆಗುವ ವ್ಯವಸ್ಥೆ ಮೊದಲಿನಿಂದಲೇ ಚಾಲ್ತಿಯಲ್ಲಿರುತ್ತದೆ. ಹಾಗೆ ಬಂದು ಕುಳಿತ ಹೊಸ ಕರ್ನಲ್, ಗಣಕವನ್ನು ಆರಿಸಿ ಹಚ್ಚುವವರೆಗೂ ಕೆಲಸಕ್ಕೆ ಇಳಿಯುವುದಿಲ್ಲ. ನಾನು ವಾರಗಟ್ಟಲೆ ಗಣಕವನ್ನು ಆರಿಸದೆ ಸಸ್ಪೆಂಡ್‌ನಲ್ಲಿ ಇಡುವವನು. ವಿದ್ಯುತ್ ಹೋದದ್ದು ಆ ಕಾದಿದ್ದ ಕರ್ನಲ್ಲಿಗೆ ಬಾಗಿಲು ತೆರೆಯಿತು, ಅಷ್ಟೇ. ಕಾರಣ ಒಂದು ದಿನ ಹುಟ್ಟಿ, ಪರಿಣಾಮ ಇನ್ನೊಂದು ದಿನ ಕಾಣಿಸಿಕೊಳ್ಳುವುದರಿಂದಲೇ ಈ ತೊಂದರೆಯಲ್ಲಿ ಜನ ದಾರಿ ತಪ್ಪುತ್ತಾರೆ. ‘ವರ್ ಲಾಗ್’ ಫೋಲ್ಡರಿನ ‘ಆಪ್ಟ್’ ಒಳಗಿರುವ ಹಿಸ್ಟರಿ ಕಡತವನ್ನು ತೆರೆದರೆ ಯಾವ ದಿನ ಏನು ಬಂತು ಎಂಬುದು ತಾರೀಖಿನ ಸಮೇತ ಸಿಗುತ್ತದೆ.

ಇಲ್ಲಿ ನನ್ನ ಹಳೆಯ ತಪ್ಪೊಂದನ್ನು ಹೇಳಲೇಬೇಕು. 2021ರಲ್ಲಿ ಇಂಥದೇ ಸಂದರ್ಭದಲ್ಲಿ ಗಾಬರಿಯಾಗಿ, ಡ್ರೈವರಿಗೆ ಸೇರಿದ ಪ್ಯಾಕೇಜುಗಳನ್ನೆಲ್ಲ ಒಂದೇ ಆಜ್ಞೆಯಲ್ಲಿ ಕಿತ್ತುಹಾಕಿ, ಕಾರ್ಡಿನ ಕಂಪನಿಯ ತಾಣದಿಂದ ಇಳಿಸಿಕೊಂಡ ‘ರನ್’ ಕಡತದಿಂದ ಡ್ರೈವರನ್ನು ಕೈಯಾರೆ ಹಾಕಿಕೊಂಡಿದ್ದೆ. ಆ ದಿನ ಕೆಲಸ ಆಯಿತು. ಆದರೆ ಹಾಗೆ ಹಾಕಿದ ಡ್ರೈವರ್ ಉಬುಂಟುವಿನ ಪ್ಯಾಕೇಜು ಲೆಕ್ಕದಲ್ಲಿ ಇರುವುದಿಲ್ಲ. ಮುಂದೆ ಪ್ಯಾಕೇಜಿನ ಮೂಲಕವೂ ಇನ್ನೊಂದು ಆವೃತ್ತಿ ಬಂದು, ಎರಡರ ಕಡತಗಳು ಒಂದರ ಮೇಲೊಂದು ಬಿದ್ದು, ಕೊನೆಗೆ ಇಡೀ ಆಪರೇಟಿಂಗ್ ಸಿಸ್ಟಮನ್ನೇ ಹೊಸದಾಗಿ ಹಾಕಬೇಕಾಯಿತು. ಎರಡು ದಿನ ಹೋಯಿತು. ಯಾವ ಕೊಂಡಿ ಕಳಚಿದೆ ಎಂದು ತಿಳಿಯುವ ಮೊದಲೇ ಸರಪಳಿಯನ್ನೆಲ್ಲ ಬಿಚ್ಚಿದ್ದು ನಾನು ಮಾಡಿದ ತಪ್ಪು. ಈ ಸಲ ಏನನ್ನೂ ಕಿತ್ತುಹಾಕುವುದಿಲ್ಲ, ಮೊದಲು ಓದುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ.

ಆ ಸರಪಳಿ ಹೀಗಿದೆ. ಎನ್ವಿಡಿಯಾ ಡ್ರೈವರಿನಲ್ಲಿ ಎರಡು ಭಾಗಗಳಿವೆ. ಬ್ಲೆಂಡರಿನಂಥ ತಂತ್ರಾಂಶಗಳು ಬಳಸುವ ಲೈಬ್ರರಿಗಳು ಒಂದು ಭಾಗ, ಕರ್ನಲ್ಲಿನೊಳಗೆ ಕುಳಿತು ಕಾರ್ಡಿನೊಡನೆ ನೇರವಾಗಿ ವ್ಯವಹರಿಸುವ ಮಾಡ್ಯೂಲ್ ಇನ್ನೊಂದು ಭಾಗ. ಲೈಬ್ರರಿಗಳಿಗೆ ಕರ್ನಲ್ ಯಾವುದಾದರೂ ಚಿಂತೆಯಿಲ್ಲ. ಮಾಡ್ಯೂಲ್ ಮಾತ್ರ ಯಾವ ಕರ್ನಲ್ಲಿಗಾಗಿ ಕಂಪೈಲ್ ಆಗಿದೆಯೋ, ಅಂದರೆ ಮೂಲ ಸಂಕೇತದಿಂದ ಗಣಕ ನಡೆಸಬಲ್ಲ ರೂಪಕ್ಕೆ ಬಂದಿದೆಯೋ, ಅದಕ್ಕೇ ಹೊಂದುತ್ತದೆ. ಆದ್ದರಿಂದ ಹೊಸ ಕರ್ನಲ್ ಬಂದಾಗಲೆಲ್ಲ ಮಾಡ್ಯೂಲನ್ನು ಹೊಸದಾಗಿ ಕಟ್ಟಬೇಕು. ಈ ಕೆಲಸವನ್ನು ತಾನಾಗಿಯೇ ಮಾಡುವ ವ್ಯವಸ್ಥೆಯ ಹೆಸರು ಡಿಕೆಎಂಎಸ್, ಡೆಲ್ ಕಂಪನಿಯ ಎಂಜಿನಿಯರುಗಳು ಶುರುಮಾಡಿದ್ದು. ಅದಕ್ಕೆ ಬೇಕಾದದ್ದು ಮೂರು: ಡ್ರೈವರಿನ ಮೂಲ ಸಂಕೇತ, ಹೊಸ ಕರ್ನಲ್ಲಿನ ಒಳರಚನೆಯನ್ನು ತಿಳಿಸುವ ಹೆಡರ್ ಕಡತಗಳು, ಮತ್ತು ಸರಿಯಾದ ಕಂಪೈಲರ್. ಇವುಗಳಲ್ಲಿ ಒಂದು ಇಲ್ಲದಿದ್ದರೂ ಮಾಡ್ಯೂಲ್ ಹುಟ್ಟುವುದಿಲ್ಲ. ಕರ್ನಲ್ ಮಾತ್ರ ಏನೂ ಆಗದಂತೆ ಎದ್ದು ನಿಲ್ಲುತ್ತದೆ. ಎನ್ವಿಡಿಯಾ ಪ್ಯಾಕೇಜನ್ನು ಹಾಕುವಾಗಲೇ ನೂವೋ ಎಂಬ ಮುಕ್ತ ಡ್ರೈವರನ್ನು ತಡೆಪಟ್ಟಿಗೆ ಸೇರಿಸಲಾಗಿರುವುದರಿಂದ ಅದೂ ನೆರವಿಗೆ ಬರುವುದಿಲ್ಲ. ಪರದೆಯ ಚಿತ್ರವನ್ನೆಲ್ಲ ಪ್ರೊಸೆಸರೇ ಬಿಡಿಸಬೇಕಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಎಂಬುದರ ಮುಂದೆ ಕಾರ್ಡಿನ ಹೆಸರಿಗೆ ಬದಲಾಗಿ ‘ಎಲ್‌ಎಲ್‌ವಿಎಂ-ಪೈಪ್’ ಎಂದು ಕಂಡರೆ ಸ್ಥಿತಿ ಇದೇ ಎಂದು ತಿಳಿಯಬೇಕು.

ಅಷ್ಟರಲ್ಲಿ ಎಂಜಿನಿಯರ್ ಫೋನ್ ಮಾಡಿದರು. “ನಾಳೆ ಮನೆಯವರು ಹೊಸನಗರದಿಂದ ಬರ್ತಾ ಇದ್ದಾರೆ, ಚಿತ್ರ ರೆಡಿ ಇರುತ್ತೆ ತಾನೇ?” ಎಂದರು. “ಇರುತ್ತೆ ಸರ್” ಎಂದೆ. ಹಾಗೆ ಹೇಳುವ ಧೈರ್ಯ ಬಂದದ್ದು ಹಳೆಯ ಕರ್ನಲ್ ಇನ್ನೂ ಗಣಕದಲ್ಲೇ ಇದ್ದುದರಿಂದ. ಉಬುಂಟು ಹೊಸ ಕರ್ನಲ್ ಹಾಕಿದ ಕೂಡಲೇ ಹಿಂದಿನದನ್ನು ಅಳಿಸುವುದಿಲ್ಲ. ಗಣಕ ಶುರುವಾಗುವಾಗ ಎಸ್ಕೇಪ್ ಕೀಲಿಯನ್ನು ಒತ್ತಿ, ಯಾವ ಕರ್ನಲ್ ಬೇಕೆಂದು ಕೇಳುವ ಗ್ರಬ್ ಮೆನುವನ್ನು ತರಿಸಿ, ‘ಅಡ್ವಾನ್ಸ್ಡ್ ಆಪ್ಶನ್ಸ್’ ಸಾಲಿನೊಳಗೆ ಹೋಗಿ 6.2.0-39 ಅನ್ನು ಆಯ್ದುಕೊಂಡೆ. ಎರಡೇ ನಿಮಿಷದಲ್ಲಿ ಪರದೆ ತನ್ನ ಪೂರ್ಣ ರೆಸಲ್ಯೂಶನ್ನಿನಲ್ಲಿ ಬಂತು, ‘ಎನ್ವಿಡಿಯಾ-ಎಸ್‌ಎಂಐ’ ಆಜ್ಞೆ ಕಾರ್ಡಿನ ಉಷ್ಣತೆಯನ್ನೂ ಮೆಮೊರಿಯನ್ನೂ ತೋರಿಸಿತು. ಆ ರಾತ್ರಿ ಐದೂ ಚಿತ್ರಗಳನ್ನು ರೆಂಡರ್ ಮಾಡಿ ಮುಗಿಸಿದೆ. ಕೆಲಸದ ಒತ್ತಡ ಇರುವವರಿಗೆ ನನ್ನ ಮೊದಲ ಸಲಹೆ ಇದೇ: ಹಳೆಯ ಕರ್ನಲ್ಲಿಗೆ ಹೋಗಿ ಕೆಲಸ ಮುಗಿಸಿ, ರಿಪೇರಿಯನ್ನು ತಲೆ ತಣ್ಣಗಿರುವಾಗ ಮಾಡಿ. ಈ ಕಾರಣಕ್ಕಾಗಿಯೇ ಡಿಸ್ಕಿನಲ್ಲಿ ಜಾಗ ಉಳಿಸುವ ನೆಪದಲ್ಲಿ ಹಳೆಯ ಕರ್ನಲ್ಲುಗಳನ್ನೆಲ್ಲ ಕೈಯಾರೆ ತೆಗೆದುಹಾಕಬಾರದು.

ಮರುದಿನ ಮಧ್ಯಾಹ್ನ ರಿಪೇರಿಗೆ ಕುಳಿತೆ. ‘ಡಿಕೆಎಂಎಸ್ ಸ್ಟೇಟಸ್’ ಎಂದು ಕೇಳಿದಾಗ ಒಂದೇ ಒಂದು ಸಾಲು ಬಂತು. 535ನೇ ಸರಣಿಯ ಎನ್ವಿಡಿಯಾ ಮಾಡ್ಯೂಲ್ 6.2.0-39ಕ್ಕೆ ಇನ್‌ಸ್ಟಾಲ್ ಆಗಿದೆ ಎಂದಿತ್ತು, 6.5.0-14ರ ಸುದ್ದಿಯೇ ಇರಲಿಲ್ಲ. ಕಳಚಿದ ಕೊಂಡಿ ಸಿಕ್ಕಿತು. ಇನ್ನು ಏಕೆ ಎಂಬುದು. ‘ವರ್ ಲಿಬ್’ ಫೋಲ್ಡರಿನ ‘ಡಿಕೆಎಂಎಸ್’ ಒಳಗೆ, ಎನ್ವಿಡಿಯಾ ಆವೃತ್ತಿಯ ಹೆಸರಿನ ಫೋಲ್ಡರಿನಲ್ಲಿ, ಕಟ್ಟುವಾಗ ನಡೆದದ್ದನ್ನೆಲ್ಲ ಬರೆದಿಡುವ ‘ಮೇಕ್ ಲಾಗ್’ ಎಂಬ ಕಡತ ಇರುತ್ತದೆ. ತೆರೆದು ನೋಡಿದರೆ ನೂರಾರು ಸಾಲುಗಳು. ಹೊಸಬರು ಇಲ್ಲಿ ಕೆಳಗಿನಿಂದ ಓದಲು ಶುರುಮಾಡಿ ಸೋಲುತ್ತಾರೆ, ಏಕೆಂದರೆ ಕೊನೆಯ ಸಾಲುಗಳು ‘ಕೆಲಸ ನಿಂತಿತು’ ಎಂದಷ್ಟೇ ಹೇಳುತ್ತವೆ. ‘ಎರರ್’ ಎಂಬ ಪದವನ್ನು ಹುಡುಕಿ, ಅದು ಮೊಟ್ಟಮೊದಲು ಬಂದ ಜಾಗವನ್ನು ಓದಬೇಕು. ನನ್ನ ಲಾಗಿನಲ್ಲಿ ಅದು ಹೀಗಿತ್ತು: ‘-ಎಫ್‌ಟ್ರಿವಿಯಲ್-ಆಟೋ-ವಾರ್-ಇನಿಟ್=ಝೀರೋ’ ಎಂಬ ಆಯ್ಕೆಯನ್ನು ಜಿಸಿಸಿ ಕಂಪೈಲರ್ ಗುರುತಿಸುತ್ತಿಲ್ಲ. ಸ್ವಲ್ಪ ಮೇಲೆಯೇ ಇನ್ನೊಂದು ಎಚ್ಚರಿಕೆ ಇತ್ತು, ಕರ್ನಲ್ಲನ್ನು ಕಟ್ಟಿದ ಕಂಪೈಲರ್ ಬೇರೆ, ಈಗ ಬಳಸುತ್ತಿರುವುದು ಬೇರೆ ಎಂದು.

ಈ ಎರಡು ಸಾಲುಗಳಲ್ಲಿ ಕತೆಯೆಲ್ಲ ಇತ್ತು. ಉಬುಂಟು 22.04ರ ವಾಡಿಕೆಯ ಕಂಪೈಲರ್ ಜಿಸಿಸಿ 11. ಆದರೆ 6.5 ಕರ್ನಲ್ಲನ್ನು ಕಟ್ಟಿದ್ದು ಜಿಸಿಸಿ 12ರಿಂದ. ಮೌಲ್ಯ ಕೊಡದೆ ಬಿಟ್ಟ ಸ್ಥಳೀಯ ಚರಾಂಕಗಳಿಗೆ ತಾನಾಗಿಯೇ ಸೊನ್ನೆ ತುಂಬಿಸುವ ಭದ್ರತಾ ಆಯ್ಕೆಯೊಂದು ಹನ್ನೆರಡರಲ್ಲಿ ಬಂತು, ಹೊಸ ಕರ್ನಲ್ ಅದನ್ನು ಬಳಸಿಕೊಂಡಿದೆ, ಮಾಡ್ಯೂಲುಗಳೂ ಅದೇ ಆಯ್ಕೆಯೊಡನೆ ಕಂಪೈಲ್ ಆಗಬೇಕು. ಹನ್ನೊಂದಕ್ಕೆ ಆ ಆಯ್ಕೆಯ ಹೆಸರೇ ಗೊತ್ತಿಲ್ಲ. ನನ್ನ ಗಣಕದಲ್ಲಿ ಹನ್ನೆರಡು ಇರಲಿಲ್ಲ. ಡ್ರೈವರ್ ಕೆಟ್ಟಿರಲಿಲ್ಲ, ಕರ್ನಲ್ಲೂ ಕೆಟ್ಟಿರಲಿಲ್ಲ. ಡ್ರೈವರನ್ನು ಕಿತ್ತು ಮತ್ತೆ ಹಾಕುವುದನ್ನು ಹತ್ತು ಸಲ ಮಾಡಿದ್ದರೂ ಹತ್ತು ಸಲವೂ ಇದೇ ಜಾಗದಲ್ಲಿ ನಿಲ್ಲುತ್ತಿತ್ತು.

ಪರಿಹಾರಕ್ಕೆ ಹಿಡಿದದ್ದು ಹತ್ತು ನಿಮಿಷ. ಉಬುಂಟುವಿನಲ್ಲಿ ಪ್ಯಾಕೇಜುಗಳನ್ನು ಹಾಕುವ ‘ಆಪ್ಟ್’ ಆಜ್ಞೆಯ ಮೂಲಕ ‘ಜಿಸಿಸಿ-12’ ಪ್ಯಾಕೇಜನ್ನು ಹಾಕಿದೆ. ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ ಆಜ್ಞೆಯಿಂದ, ಜಿಸಿಸಿ ಎಂದು ಕರೆದರೆ ಹನ್ನೆರಡೇ ಓಗೊಡುವಂತೆ ಮಾಡಿದೆ. 6.5.0-14ರ ಹೆಡರ್ ಕಡತಗಳು ಇವೆಯೇ ಎಂದು ಖಚಿತಪಡಿಸಿಕೊಂಡು, ‘ಡಿಕೆಎಂಎಸ್ ಆಟೋಇನ್‌ಸ್ಟಾಲ್’ ಆಜ್ಞೆಗೆ ‘-ಕೆ’ ಸೇರಿಸಿ ಆ ಕರ್ನಲ್ಲಿನ ಹೆಸರನ್ನು ಕೊಟ್ಟೆ. ಪ್ರೊಸೆಸರಿನ ಫ್ಯಾನ್ ಒಂದೆರಡು ನಿಮಿಷ ಜೋರಾಗಿ ತಿರುಗಿ ಶಾಂತವಾಯಿತು. ಮತ್ತೆ ಸ್ಟೇಟಸ್ ಕೇಳಿದಾಗ ಎರಡು ಸಾಲುಗಳು ಬಂದವು, ಎರಡರ ಕೊನೆಯಲ್ಲೂ ‘ಇನ್‌ಸ್ಟಾಲ್ಡ್’ ಎಂಬ ಪದ. ರೀಸ್ಟಾರ್ಟ್ ಮಾಡಿದೆ, ಹೊಸ ಕರ್ನಲ್ಲಿನಲ್ಲೇ ಕಾರ್ಡ್ ಎದ್ದಿತು.

ನನ್ನ ಲ್ಯಾಪ್‌ಟಾಪಿನಲ್ಲಿ ಕೆಲವು ದಿನಗಳ ನಂತರ ಕಂಡದ್ದು ನೋಡಲು ಇದೇ ಲಕ್ಷಣ, ಒಳಗೆ ಬೇರೆ ಕಾರಣ. ಅಲ್ಲಿ ಡಿಕೆಎಂಎಸ್ ಎಲ್ಲ ಸರಿಯಿದೆ ಎನ್ನುತ್ತಿತ್ತು, ಆದರೂ ಮಾಡ್ಯೂಲ್ ಒಳಗೆ ಹೋಗುತ್ತಿರಲಿಲ್ಲ. ‘ಮಾಡ್‌ಪ್ರೋಬ್ ಎನ್ವಿಡಿಯಾ’ ಎಂದು ಕೈಯಾರೆ ಕರೆದಾಗ, ಕೀಲಿಯನ್ನು ತಿರಸ್ಕರಿಸಲಾಗಿದೆ ಎಂಬ ಉತ್ತರ ಬಂತು. ಲ್ಯಾಪ್‌ಟಾಪಿನಲ್ಲಿ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ, ಗಣಕ ಒಪ್ಪಿದ ಕೀಲಿಯಿಂದ ಸಹಿಯಾದ ಮಾಡ್ಯೂಲುಗಳಿಗೆ ಮಾತ್ರ ಕರ್ನಲ್ ಪ್ರವೇಶ ಕೊಡುತ್ತದೆ. ನಮ್ಮ ಗಣಕದಲ್ಲೇ ಕಟ್ಟಿದ ಮಾಡ್ಯೂಲಿಗೆ ಉಬುಂಟು ನಮ್ಮದೇ ಒಂದು ಕೀಲಿಯಿಂದ ಸಹಿ ಹಾಕುತ್ತದೆ. ಆ ಕೀಲಿಯನ್ನು ಗಣಕ ಒಪ್ಪುವಂತೆ ಮಾಡಲು ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ರೀಸ್ಟಾರ್ಟಿನಲ್ಲಿ ನೀಲಿ ಬಣ್ಣದ ಪರದೆಯೊಂದನ್ನು ತೋರಿಸುತ್ತದೆ. ಆ ಪರದೆ ಹತ್ತು ಸೆಕೆಂಡು ಮಾತ್ರ ಕಾಯುತ್ತದೆ. ನಾನು ಆಗ ಗಣಕವನ್ನು ರೀಸ್ಟಾರ್ಟಿಗೆ ಹಾಕಿ ಕಾಫಿಗೆ ಎದ್ದುಹೋಗಿದ್ದೆ. ‘ಮೋಕ್‌ಯುಟಿಲ್’ ಆಜ್ಞೆಯ ಇಂಪೋರ್ಟ್ ಆಯ್ಕೆಯಿಂದ ಕೀಲಿಯನ್ನು ಮತ್ತೆ ಸರದಿಗೆ ಹಾಕಿ, ಈ ಸಲ ಎದುರಿಗೇ ಕುಳಿತು, ‘ಎನ್‌ರೋಲ್ ಮೋಕ್’ ಆರಿಸಿ, ಅದೇ ಪಾಸ್‌ವರ್ಡ್ ಕೊಟ್ಟೆ. ಸೆಕ್ಯೂರ್ ಬೂಟನ್ನೇ ನಿಲ್ಲಿಸಿಬಿಡಿ ಎಂದು ಹಲವರು ಹೇಳುತ್ತಾರೆ. ಐದು ನಿಮಿಷದಲ್ಲಿ ಸರಿಯಾಗುವ ವಿಷಯಕ್ಕೆ ಗಣಕದ ಒಂದು ರಕ್ಷಣೆಯನ್ನು ಶಾಶ್ವತವಾಗಿ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಸಂದೇಶವನ್ನು ಕಂಡು ಗಾಬರಿಯಾಗುವವರು ಬಹಳ. ಡ್ರೈವರ್ ಮತ್ತು ಲೈಬ್ರರಿಯ ಆವೃತ್ತಿಗಳು ಹೊಂದುತ್ತಿಲ್ಲ ಎಂದು ‘ಎನ್ವಿಡಿಯಾ-ಎಸ್‌ಎಂಐ’ ಹೇಳಿದರೆ, ಸಾಮಾನ್ಯವಾಗಿ ಅದರರ್ಥ ಲೈಬ್ರರಿಗಳು ಈಗಷ್ಟೇ ಹೊಸದಾಗಿವೆ, ಮೆಮೊರಿಯಲ್ಲಿ ಹಳೆಯ ಮಾಡ್ಯೂಲ್ ಇನ್ನೂ ಕುಳಿತಿದೆ ಎಂದು. ರೀಸ್ಟಾರ್ಟ್ ಮಾಡಿದರೆ ಸಾಕು.

ಈಗ ನನ್ನ ವ್ಯವಸ್ಥೆ ಸ್ವಲ್ಪ ಬದಲಾಗಿದೆ. ಲ್ಯಾಪ್‌ಟಾಪಿನಲ್ಲಿ ಡಿಕೆಎಂಎಸ್ ಬದಲಿಗೆ ‘ಲಿನಕ್ಸ್-ಮಾಡ್ಯೂಲ್ಸ್-ಎನ್ವಿಡಿಯಾ-535-ಜೆನೆರಿಕ್-ಎಚ್‌ಡಬ್ಲ್ಯುಇ-22.04’ ಎಂಬ ಪ್ಯಾಕೇಜನ್ನು ಬಳಸುತ್ತಿದ್ದೇನೆ. ಇದರಲ್ಲಿ ಮಾಡ್ಯೂಲ್ ಮೊದಲೇ ಕಟ್ಟಿ, ಉಬುಂಟುವಿನ ಸಹಿಯೊಡನೆ ಬರುವುದರಿಂದ ಕಂಪೈಲರೂ ಬೇಡ, ನೀಲಿ ಪರದೆಯೂ ಇಲ್ಲ. ಡ್ರೈವರನ್ನು ಬಳಸುವುದಷ್ಟೇ ಬೇಕಾದವರಿಗೆ ನಾನು ಇದನ್ನೇ ಹೇಳುತ್ತೇನೆ. ರೆಂಡರಿಂಗ್ ಗಣಕದಲ್ಲಿ ಡಿಕೆಎಂಎಸ್ ಉಳಿಸಿಕೊಂಡಿದ್ದೇನೆ. ದೊಡ್ಡ ಕೆಲಸ ಕೈಯಲ್ಲಿರುವಾಗ ‘ಆಪ್ಟ್-ಮಾರ್ಕ್ ಹೋಲ್ಡ್’ ಆಜ್ಞೆಯಿಂದ ಕರ್ನಲ್ ಪ್ಯಾಕೇಜುಗಳನ್ನು ಇದ್ದ ಆವೃತ್ತಿಯಲ್ಲೇ ನಿಲ್ಲಿಸುತ್ತೇನೆ. ಚಿತ್ರಗಳನ್ನು ಒಪ್ಪಿಸಿದ ದಿನವೇ ಆ ತಡೆಯನ್ನು ತೆಗೆಯುತ್ತೇನೆ, ಏಕೆಂದರೆ ಭದ್ರತೆಯ ತಿದ್ದುಪಡಿಗಳು ಕರ್ನಲ್ಲಿನೊಡನೆಯೇ ಬರುತ್ತವೆ.

2024ರ ಆಗಸ್ಟಿನಲ್ಲಿ ಇದೇ 22.04ಕ್ಕೆ 6.8 ಕರ್ನಲ್ ಬಂತು. ಅಪ್‌ಡೇಟ್ ಮುಗಿದರೂ ರೀಸ್ಟಾರ್ಟ್ ಒತ್ತಲಿಲ್ಲ. ಡಿಕೆಎಂಎಸ್ ಸ್ಟೇಟಸ್ ಕೇಳಿದೆ. 6.5ರ ಸಾಲು, ಅದರ ಕೆಳಗೆ 6.8ರ ಸಾಲು, ಎರಡರ ಕೊನೆಯಲ್ಲೂ ‘ಇನ್‌ಸ್ಟಾಲ್ಡ್’ ಎಂದು ಇದ್ದುದನ್ನು ನೋಡಿದ ಮೇಲೆಯೇ ಗಣಕವನ್ನು ಆರಿಸಿದೆ.